ಒದ್ದೆ ಕಾಲಿಗೆ ಕಾಲುಚೀಲ

ನಮ್ಮ ಬಂದರಿನಲ್ಲಿ ಯಾರಿಗೂ ಈಜು ಬರುವುದಿಲ್ಲ.
ಬಂದರೆ ಸಾವು ನಿಧಾನವಾಗುತ್ತದೆ, ಅಷ್ಟೇ,
ಅನ್ನುತ್ತಿದ್ದ ಅಪ್ಪ, ಬಲೆಯ ಹರಿದ ಕಣ್ಣು ಹೆಣೆಯುತ್ತ.
ಅವನದು ನಿಧಾನವಾಗಲಿಲ್ಲ.
ಡೊನೆಗಾಲ್ ಕೊಲ್ಲಿಯ ಫೆಬ್ರುವರಿ ನೀರು. ದೋಣಿ ಸಿಕ್ಕಿತು.
ಟೀ ಕಾಯಿಸುವ ಕೆಟಲು ಸಿಕ್ಕಿತು, ಮುಚ್ಚಳದ ಸಮೇತ.

ನಾನು ಕನ್ಸೆಪ್ಟಾ. ವಯಸ್ಸು ಐವತ್ತಮೂರು.
ಮೂವತ್ತೊಂದು ವರ್ಷ ಬಂಗುಡೆಯ ಹೊಟ್ಟೆ ಸೀಳಿದ ಕೈ ಇದು.
ಈಜಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ
ಈಜುವುದನ್ನು ನಿಲ್ಲಿಸಿದವುಗಳಿಂದ ಕಲಿತದ್ದು.

ಮಂಡಿನೋವಿಗೆ ಡಾಕ್ಟರು, ನೀರಿಗಿಳಿಯಿರಿ ಅಂದರು.
ನಕ್ಕುಬಿಟ್ಟೆ.
ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ.

ಮಂಗಳವಾರ ರಾತ್ರಿ ಎಂಟಕ್ಕೆ, ಛಾವಣಿ ಹೊದ್ದ ಕೊಳ,
ಕ್ಲೋರಿನ್ ವಾಸನೆ. ಕಲಿಸುವವಳು ಸೋರ್ಕಾ,
ಇಪ್ಪತ್ತು ತುಂಬಿಲ್ಲ ಹುಡುಗಿಗೆ.
ತಲೆ ಬಿಡಿ, ಅಂದಳು, ನನ್ನ ಬುರುಡೆಯಡಿ ಎರಡು ಬೆರಳಿಟ್ಟು.
ಬಿಡುವುದು ಹೇಗೆ?
ಇಷ್ಟು ವರ್ಷ ಇದನ್ನು ಹೊತ್ತವಳು ನಾನೊಬ್ಬಳೇ.
ಕಿವಿಗೆ ನೀರು ತುಂಬಿತು. ಊರು ಬಾಗಿಲು ಹಾಕಿಕೊಂಡಿತು.
ಒಳಗೆಲ್ಲೋ ಡುಬ್ ಡುಬ್ ಅಂತ ಒಂದು ಯಂತ್ರ.
ಕೊಳದ ಪಂಪೇ? ಎಂದು ಕೇಳಿದೆ ಆಮೇಲೆ.
ಪಂಪು ಎಂಟಕ್ಕೇ ಆಫ್, ಅಂದಳು ಸೋರ್ಕಾ,
ದಂಡೆಯ ಮೇಲೆ ಕೂತು, ಕೂದಲು ಹಿಂಡುತ್ತ.
ಬೆರಳು ಯಾವಾಗ ತೆಗೆದಳೋ.

ಸೈಕಲ್ಲು ತಂಗಿಯ ಗಂಡ ಯೂಜೀನನದು,
ಒಂದು ಕಾಲಕ್ಕೆ ಅಂಚೆ ಹಂಚಿದ್ದು, ಮುಂದೆ ಕಬ್ಬಿಣದ ಬುಟ್ಟಿ.
ಭಾನುವಾರ, ಮೀನು ಕಾರ್ಖಾನೆಯ ಖಾಲಿ ಅಂಗಳ.
ಗೋಡೆಯ ಮೇಲೆ ಕಡಲಹಕ್ಕಿಗಳು ಸಾಲಾಗಿ,
ಪ್ರಾರ್ಥನೆ ಮುಗಿಸಿ ಬಂದ ಹೆಂಗಸರ ಹಾಗೆ,
ಎಲ್ಲ ನೋಡುತ್ತ, ಏನೂ ನೋಡದವರಂತೆ.
ಯಾವ ಕಡೆ ಬೀಳ್ತೀಯೋ ಆ ಕಡೆಗೇ ತಿರುಗಿಸು, ಅಂದ ಯೂಜೀನ್.
ಇಂಥ ಮಾತು ನಮ್ಮ ಪಾದ್ರಿ ಒಮ್ಮೆಯೂ ಹೇಳಿರಲಿಲ್ಲ.
ಬಿದ್ದೆ: ಮೊಣಕೈ, ಮಾನ, ಹಲ್ಲಿನ ಒಂದು ಚೂರು.
ಮತ್ತೆ ಬಿದ್ದೆ.
ಆಮೇಲೆ ಬೀಳಲೇ ಇಲ್ಲ. ಬ್ರೇಕು ಮರೆತು
ನೇರ ಹೋಗಿ ಗೋಡೆಗೆ ನಿಂತೆ.
ಹಕ್ಕಿಗಳು ಒಟ್ಟಿಗೆ ಎದ್ದವು. ಚಪ್ಪಾಳೆಯೋ, ಬೈಗುಳವೋ.

ಓಟ ಯಾರೂ ಕಲಿಸಲಿಲ್ಲ.
ದೀಪದ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ,
ಕತ್ತಲಾದ ಮೇಲೆ, ಎರಡೆರಡು ಬ್ರಾ ಬಿಗಿದುಕೊಂಡು.
ಕಾರು ಬಂದರೆ ತಟ್ಟನೆ ನಿಂತು ಬಗ್ಗುತ್ತಿದ್ದೆ,
ಏನೋ ಕಳೆದುಕೊಂಡವಳ ಹಾಗೆ.
ಒಂದು ರಾತ್ರಿ ಮಿಸೆಸ್ ಮೆಗಿನ್ಲಿ ಗಾಡಿ ನಿಲ್ಲಿಸಿ
ಟಾರ್ಚು ಹಿಡಿದು ಇಳಿದೇಬಿಟ್ಟಳು.
ಕಾಲು ಗಂಟೆ ಹುಡುಕಿದೆವು ಇಬ್ಬರೂ.
ಒಂದು ಗುಂಡಿ ಸಿಕ್ಕಿತು, ಯಾರ ಕೋಟಿನದೋ.
ಇದೇ, ಇದೇ, ಅಂದೆ.
ಈಗಲೂ ಇದೆ ಅದು, ಅಡುಗೆಮನೆಯ ಕಿಟಕಿಯಲ್ಲಿ.

ಜೂನ್ ತಿಂಗಳು, ಸರೋವರದ ದಂಡೆ.
ಮೂರನ್ನೂ ಒಂದೇ ಬೆಳಿಗ್ಗೆ ಮಾಡುವ ಹುಚ್ಚರು ನಾವು ನಲವತ್ತು ಜನ.
ನಮ್ಮ ಕಡೆಯ ನೀರು ಕಂದು, ಜೌಗುಮಣ್ಣಿನ ಕಷಾಯ.
ಮುಖ ಮುಳುಗಿಸಿ ಕಣ್ಣು ಬಿಟ್ಟರೆ
ಕೆಟಲಿನೊಳಗೆ ಕಣ್ಣು ಬಿಟ್ಟಂತೆ.
ಹೆದರಿದೆ. ಕೈ ಹೆದರಲಿಲ್ಲ, ಬೀಸುತ್ತಲೇ ಇತ್ತು.
ಕೆಸರು ಕಾಲಿಗೆ ತಾಗಿತು. ಎದ್ದು ನಿಂತೆ.

ಈಜಿನ ಮಾತು ಹೇಳಿದ್ದರು, ತುಳಿಯುವ ಮಾತು, ಓಡುವ ಮಾತು.
ಇದೊಂದನ್ನು ಯಾರೂ ಹೇಳಿರಲಿಲ್ಲ:
ಒದ್ದೆ ಕಾಲಿಗೆ ಕಾಲುಚೀಲ ಹತ್ತುವುದಿಲ್ಲ.
ಹುಲ್ಲಿನ ಮೇಲೆ ಕೂತು ಎಳೆದೆ, ಜಗ್ಗಿದೆ,
ಮಾತೆ ಮರಿಯಳನ್ನು ಕರೆದೆ, ಅವಳೆದುರೇ ಕೆಟ್ಟ ಮಾತಾಡಿದೆ.
ಹೊತ್ತು ಓಡುತ್ತಿತ್ತು, ನನಗಿಂತ ಚೆನ್ನಾಗಿ.
ಆಮೇಲೆ ಕೈ ನಿಂತಿತು.
ನೀರಿನಿಂದ ಎದ್ದು ಬಂದವರು
ನಮ್ಮ ಮನೆಯಲ್ಲಿ ಯಾರಿದ್ದರು,
ಬಂದ ಮೇಲೆ ಏನು ಮಾಡಬೇಕೆಂದು
ನನಗೆ ಹೇಳಿಕೊಡಲು?

ಬರಿಗಾಲಿಗೇ ಬೂಟು ತೊಟ್ಟೆ. ಹಿಮ್ಮಡಿ ಸುಲಿಯಿತು.
ನಾನು ಮುಟ್ಟುವ ಹೊತ್ತಿಗೆ ಟೇಪಿನ ಹುಡುಗ
ಕುರ್ಚಿಗಳನ್ನು ಮಡಿಸುತ್ತಿದ್ದ.
ಒಂದು ನಿಮಿಷ, ಒಂದೇ ನಿಮಿಷ, ಎಂದು
ಸುತ್ತಿಟ್ಟ ಟೇಪನ್ನು ಮತ್ತೆ ಬಿಚ್ಚತೊಡಗಿದ.
ನಾನೂ ನಾಲ್ಕು ಹೆಜ್ಜೆ ಹಿಂದೆ ಹೋಗಿ
ಏದುಸಿರು ಬಿಡುತ್ತ ಕಾದು ನಿಂತೆ,
ಮುಷ್ಟಿಯಲ್ಲಿ ಕಾಲುಚೀಲದ ಜೋಡಿ.